ಪದಚರ್ಚೆ: ಬೆರಟಿ, ಪೆರಾದ್, ಜಾಮ್ – ಯಾವ ಹದಕ್ಕೆ ಯಾವ ಹೆಸರು?

ಎಲ್ಲರಿಗೂ ನಮಸ್ಕಾರ.

ಹಣ್ಣು ಕಾಯಿಸಿ ಭರಣಿಗೆ ತುಂಬುವುದು, ಅದನ್ನೇ ಕೇಕು ಬಿಸ್ಕತ್ತುಗಳಿಗೆ ಬಳಸುವುದು – ಇವೆರಡರ ಬಗ್ಗೆ ಕನ್ನಡದಲ್ಲಿ ಒಂದು ಸಣ್ಣ ಕೈಪಿಡಿ ಸಿದ್ಧವಾಗುತ್ತಿದೆ. ಓದುವವರು ಹೆಚ್ಚಾಗಿ ಉಡುಪಿ, ಮಂಗಳೂರು ಕಡೆಯವರು. ಸಂತೆಯಲ್ಲಿ ಪೇರಳೆ ಅಗ್ಗಕ್ಕೆ ಸಿಕ್ಕಿತೆಂದು ಎರಡು ಕಿಲೋ ತಂದು ಅದೇ ಸಂಜೆ ಒಲೆಗೇರಿಸುವ ಉಮೇದಿನವರು. ಹಾಗಾಗಿ ಪದ ತಪ್ಪಿದರೆ ಅಡುಗೆಯೂ ತಪ್ಪುತ್ತದೆ.

ಸಂದೇಹಗಳು ಮೂರು. ಹಲಸಿನ ಬೆರಟಿಯನ್ನು (ಹಣ್ಣನ್ನು ಬೆಲ್ಲ ಹಾಕಿ ಮುದ್ದೆಯಾಗುವವರೆಗೆ ಕಾಯಿಸಿದ ತಿಂಡಿ) ‘ಹಲಸಿನ ಜಾಮ್’ ಎಂದು ಬರೆಯಬಹುದೇ? ಜಾಮ್ ‘ಸೆಟ್ ಆಯಿತು’ ಎನ್ನುವುದಕ್ಕೆ ‘ಹೆಪ್ಪುಗಟ್ಟಿತು’ ಸರಿಯೇ? ‘ಬೇಕ್ ಮಾಡಿ’ ಎನ್ನುವಲ್ಲಿ ‘ಬೇಯಿಸಿ’ ಎಂದರೆ ಸಾಕೇ? ಬಲ್ಲವರು ಹದ, ಅಳತೆ ಸಮೇತ ತಿಳಿಸಿದರೆ ಉಪಕಾರವಾಗುತ್ತದೆ.

– ಸುರತ್ಕಲ್‌ನಿಂದ

—

ನಮಸ್ಕಾರ.

ಬೆರಟಿಯನ್ನು ದಯವಿಟ್ಟು ಜಾಮ್ ಎನ್ನಬೇಡಿ. ಎರಡೂ ಹಣ್ಣು, ಎರಡೂ ಸಿಹಿ ಎಂಬುದು ನಿಜ. ಆದರೆ ಒಲೆಯಿಂದ ಇಳಿಸುವ ಗಳಿಗೆ ಬೇರೆ, ಒಳಗೆ ಉಳಿಯುವ ನೀರು ಬೇರೆ, ಕೆಡದೆ ನಿಲ್ಲುವ ಕಾರಣವೂ ಬೇರೆ.

ಮಲೆಯಾಳದಲ್ಲಿ ಇದೇ ತಿಂಡಿಗೆ ‘ವರಟ್ಟಿ’ ಎನ್ನುತ್ತಾರೆ. ‘ವರಟ್ಟು’ ಎಂದರೆ ನೀರಾರುವಂತೆ ಬಾಣಲೆಯಲ್ಲಿ ಆಡಿಸು. ಅವರ ವಕಾರ ನಮ್ಮಲ್ಲಿ ಬಕಾರವಾಗುವುದು (ವೇರ್ – ಬೇರು, ವಿತ್ತ್ – ಬಿತ್ತು) ಎಲ್ಲರಿಗೂ ಗೊತ್ತಿದ್ದದ್ದೇ. ಅಂದರೆ ಬೆರಟಿ ಎಂಬ ಹೆಸರಿನಲ್ಲೇ ‘ನೀರು ಆರಿಸಿದ್ದು’ ಎಂಬ ವಿಧಾನ ಅಡಗಿದೆ. ಜಾಮ್‌ನಲ್ಲಿ ನೀರು ಪೂರ್ತಿ ಆರುವುದಿಲ್ಲ, ಆರಬಾರದು ಕೂಡ. ಹಣ್ಣಿನ ಪೆಕ್ಟಿನ್ (ಹಣ್ಣಿನಲ್ಲೇ ಇರುವ, ಪಾಕವನ್ನು ಗಟ್ಟಿಯಾಗಿಸುವ ಅಂಶ), ಹುಳಿ, ಸಕ್ಕರೆ ಮೂರೂ ಸೇರಿ ಉಳಿದ ನೀರನ್ನು ಹಿಡಿದಿಟ್ಟುಕೊಳ್ಳಬೇಕು. ಮಾರಾಟದ ಜಾಮ್‌ಗೆ ನಮ್ಮ ದೇಶದ ಆಹಾರ ಕಾನೂನು ಕೇಳುವುದು ಕನಿಷ್ಠ 65 ಶೇಕಡಾ ಕರಗಿದ ಘನಾಂಶ. ಬೆರಟಿ ಅದನ್ನು ದಾಟಿ ತುಂಬಾ ಮುಂದೆ ಹೋಗಿರುತ್ತದೆ.

ಕೈಪಿಡಿಯಲ್ಲಿ ಈ ವ್ಯತ್ಯಾಸವನ್ನು ತೂಕದಲ್ಲಿ ತೋರಿಸಿ. ಗಂಟೆ, ನಿಮಿಷ ಬರೆದರೆ ಒಬ್ಬರ ಉರುಳಿಗೂ ಇನ್ನೊಬ್ಬರ ಬಾಣಲೆಗೂ ತಾಳೆಯಾಗುವುದಿಲ್ಲ. 1 ಕಿಲೋ ಹಣ್ಣಿನ ಸೊಳೆ, 400 ಗ್ರಾಂ ಬೆಲ್ಲ ಎಂದಿಟ್ಟುಕೊಳ್ಳಿ. ಸೊಳೆಯಲ್ಲಿ ಮುಕ್ಕಾಲು ಪಾಲು ನೀರು. ಘನಾಂಶ ಹೆಚ್ಚುಕಡಿಮೆ 250 ಗ್ರಾಂ. ಬೆಲ್ಲ ಸೇರಿದರೆ 650. ಒಟ್ಟು 1,400 ಗ್ರಾಂ ಇದ್ದದ್ದು 1,000 ಗ್ರಾಮಿಗೆ ಇಳಿದಾಗ 65 ಶೇಕಡಾ, ಅಂದರೆ ಜಾಮ್ ಹದ. ಅದೇ 800 ಗ್ರಾಮಿನ ಆಸುಪಾಸಿಗೆ ಇಳಿದರೆ 80 ಶೇಕಡಾ, ಅದು ಬೆರಟಿ. ಖಾಲಿ ಪಾತ್ರೆಯ ತೂಕ ಮೊದಲೇ ಬರೆದಿಟ್ಟುಕೊಂಡು, ನಡುವೆ ಒಮ್ಮೆ ಪಾತ್ರೆ ಸಮೇತ ತೂಗಿದರೆ ಸಂಶಯವೇ ಉಳಿಯುವುದಿಲ್ಲ.

ತಕ್ಕಡಿ ಇಲ್ಲದವರಿಗೆ ನಮ್ಮಲ್ಲಿ ಒಳ್ಳೆಯ ಕ್ರಿಯಾಪದಗಳೇ ಇವೆ: ‘ತಳ ಹಿಡಿಯಿತು’, ‘ತಳ ಬಿಟ್ಟಿತು’. ಇವನ್ನು ಹಾಗೆಯೇ ಬಳಸಿ. ತಳ ಹಿಡಿಯುವುದೆಂದರೆ ಸೀಯುವುದು, ಕೆಟ್ಟದ್ದು. ತಳ ಬಿಡುವುದೆಂದರೆ ಸಟ್ಟುಗದಿಂದ ಮಗುಚಿದಾಗ ಇಡೀ ಮುದ್ದೆ ಒಟ್ಟಿಗೆ ಸರಿದು ಪಾತ್ರೆಯ ತಳ ಕಾಣಿಸಿ, ಎರಡು ಮೂರು ಎಣಿಸುವವರೆಗೂ ಮುಚ್ಚಿಕೊಳ್ಳದೆ ಇರುವುದು. ಬದಿಯಲ್ಲಿ ತುಪ್ಪ ಒಸರಲು ಶುರುವಾಗುತ್ತದೆ. ಒದ್ದೆ ಬೆರಳಿನಿಂದ ಚಿಟಿಕೆ ತೆಗೆದು ಉರುಟಿದರೆ ಬೆರಳಿಗೆ ಅಂಟದೆ ಗುಂಡಗಾಗುತ್ತದೆ. ಇಲ್ಲಿಗೆ ಇಳಿಸಬೇಕು, ತಣಿದ ಮೇಲೆ ಇನ್ನೂ ಒಂದು ಪಾಲು ಗಟ್ಟಿಯಾಗುತ್ತದೆ.

ಬೆಲ್ಲ ಯಾವಾಗ ಹಾಕಬೇಕು ಎಂಬುದನ್ನೂ ಸ್ಪಷ್ಟವಾಗಿ ಬರೆಯಿರಿ, ಹೆಚ್ಚಿನ ಬೆರಟಿ ಕೆಡುವುದು ಅಲ್ಲೇ. ಬಕ್ಕೆ (ಗಟ್ಟಿ ಸೊಳೆಯ) ಹಲಸಾದರೆ ಸೊಳೆಯನ್ನು ಹಬೆಯಲ್ಲಿ ಬೇಯಿಸಿ ರುಬ್ಬಿ. ತುಳುವ (ಮೆತ್ತಗಿನ ಸೊಳೆಯ) ಹಲಸಾದರೆ ನಾರು ಸೋಸಿದರೆ ಸಾಕು. ಮೊದಲು ಹಣ್ಣನ್ನು ಮಾತ್ರ ಕಾಯಿಸಿ ಅರ್ಧಕ್ಕರ್ಧ ನೀರು ಬತ್ತಿಸಬೇಕು, ಆಮೇಲೆ ಬೆಲ್ಲ. ಮೊದಲೇ ಸಿಹಿ ಹಾಕಿದರೆ ಬಕ್ಕೆಯ ತುಂಡುಗಳು ಮೆದುವಾಗದೆ ಚರ್ಮದ ಹಾಗೆ ಉಳಿಯುತ್ತವೆ, ತಳವೂ ಬೇಗ ಹಿಡಿಯುತ್ತದೆ. ಅಚ್ಚು ಬೆಲ್ಲವನ್ನು ತುಸು ನೀರಿನಲ್ಲಿ ಕರಗಿಸಿ ಬಟ್ಟೆಯಲ್ಲಿ ಸೋಸಿಯೇ ಸೇರಿಸಿ, ಕಲ್ಲುಮಣ್ಣು ಇದ್ದೇ ಇರುತ್ತದೆ. ಓಲೆ ಬೆಲ್ಲ (ತಾಳೆ ಬೆಲ್ಲ) ಹಾಕಿದರೆ ಬಣ್ಣ ಕಪ್ಪಾಗುತ್ತದೆ, ಪರಿಮಳ ಹಲಸನ್ನು ಮುಚ್ಚಿಬಿಡುತ್ತದೆ. ಕಾಲು ಪಾಲಿಗಿಂತ ಹೆಚ್ಚು ಬೇಡ ಎಂಬುದು ನನ್ನ ಅಭಿಪ್ರಾಯ. ತುಪ್ಪ ಮೂರು ನಾಲ್ಕು ಚಮಚ, ಕೊನೆಯ ಹಂತದಲ್ಲಿ.

ಒಂದು ಎಚ್ಚರಿಕೆಯ ಮಾತನ್ನು ದಪ್ಪ ಅಕ್ಷರದಲ್ಲಿ ಹಾಕಿಸಿ. ಹಲಸು, ಬಾಳೆ ಇವುಗಳಲ್ಲಿ ಹುಳಿ ತೀರಾ ಕಡಿಮೆ. ‘ಬೆಲ್ಲ ಕಡಿಮೆ ಮಾಡಿದ, ಮೆತ್ತಗಿನ ಬೆರಟಿ’ ಎಂದು ಅರ್ಧಕ್ಕೇ ಇಳಿಸಿದರೆ ಅದನ್ನು ಕೆಡದಂತೆ ಕಾಪಾಡಲು ಸಿಹಿಯೂ ಇಲ್ಲ, ಹುಳಿಯೂ ಇಲ್ಲ. ಅದನ್ನು ಫ್ರಿಜ್‌ನಲ್ಲಿಟ್ಟು ಒಂದೆರಡು ವಾರದೊಳಗೆ ಮುಗಿಸಬೇಕು. ಆಟಿಗೆಂದು (ಮಳೆಗಾಲದ ತುಳು ತಿಂಗಳು) ತೆಗೆದಿಡುವುದಾದರೆ ತಳ ಬಿಡುವವರೆಗೆ ಕಾಯಿಸಲೇಬೇಕು. ಅದರಲ್ಲೂ ಮಳೆಗಾಲದ ಗಾಳಿಯಲ್ಲಿ ಬೆಲ್ಲ ತೇವ ಹೀರಿ ಮೇಲ್ಪದರ ಒದ್ದೆಯಾಗುತ್ತದೆ. ಬೂಸ್ಟು ಶುರುವಾಗುವುದು ಆ ಪದರದಿಂದಲೇ. ದೊಡ್ಡ ಭರಣಿ ಒಂದರ ಬದಲು ಸಣ್ಣ ಬಾಟಲಿ ನಾಲ್ಕು ಒಳ್ಳೆಯದು. ಬಾಟಲಿಯನ್ನು 10 ನಿಮಿಷ ಕುದಿಯುವ ನೀರಿನಲ್ಲಿಟ್ಟು ಆರಿಸಿ, ಬಿಸಿ ಇರುವಾಗಲೇ ತುಂಬಿ.

ಇನ್ನು ‘ಹೆಪ್ಪುಗಟ್ಟು’. ಓದುಗರ ಮನಸ್ಸಿಗೆ ಮೊಸರು ಬರುತ್ತದೆ, ಹೆಪ್ಪು ಹಾಕಬೇಕೇನೋ ಎಂಬ ಗೊಂದಲವಾಗುತ್ತದೆ. ಹಾಲುಬಾಯಿಗೆ ನಾವು ‘ಕಟ್ಟಿತು’ ಎನ್ನುವುದಿಲ್ಲವೇ? ಜಾಮ್‌ಗೂ ಜೆಲ್ಲಿಗೂ ಅದೇ ಸಾಕು: ಚೆನ್ನಾಗಿ ಕಟ್ಟಿದೆ, ಕಟ್ಟಲಿಲ್ಲ. ಪರೀಕ್ಷೆಗೆ ಸ್ಟೀಲ್ ತಟ್ಟೆಯನ್ನು ಫ್ರೀಜರ್‌ನಲ್ಲಿ ತಣಿಸಿ, ಅದರ ಮೇಲೆ ಅರ್ಧ ಚಮಚ ಹಾಕಿ, ನಿಮಿಷ ಬಿಟ್ಟು ಬೆರಳಿನಿಂದ ತಳ್ಳಬೇಕು. ನೆರಿಗೆ ಬಿದ್ದರೆ ಆಯಿತು. ಹೀಗೆ ನೋಡುವಷ್ಟು ಹೊತ್ತು ಒಲೆ ಆರಿಸಿಡಿ, ಇಲ್ಲವಾದರೆ ತಟ್ಟೆ ನೋಡುತ್ತಿರುವಾಗಲೇ ಪಾಕ ಮೀರಿರುತ್ತದೆ.

ಥರ್ಮಾಮೀಟರ್ ಇದ್ದವರಿಗೆ ಸಮುದ್ರದ ಮಟ್ಟದಲ್ಲಿರುವ ನಮಗೆ ಲೆಕ್ಕ ಸುಲಭ, ನೀರು ಸರಿಯಾಗಿ 100 ಡಿಗ್ರಿಗೆ ಕುದಿಯುತ್ತದೆ. ಜಾಮ್ 104–105ಕ್ಕೆ. ಮಡಿಕೇರಿಯ ನೆಂಟರಿಗೆ ಪುಸ್ತಕ ಕೊಡುವುದಾದರೆ ಅಲ್ಲಿ ನೀರು 96ರ ಸುಮಾರಿಗೇ ಕುದಿಯುವುದರಿಂದ 4 ಡಿಗ್ರಿ ಕಳೆದುಕೊಳ್ಳಲು ಹೇಳಿ. ಒಂದೆಳೆ ಪಾಕವೂ ಹೆಚ್ಚುಕಡಿಮೆ ಇದೇ ಶಾಖದ್ದು. ಆದರೆ ಜಾಮ್‌ನಲ್ಲಿ ಎಳೆ ನೋಡಲು ಹೋಗಬೇಡಿ, ಹಣ್ಣಿನ ತಿರುಳು ಅಡ್ಡ ಬರುತ್ತದೆ. ಎಳೆ ಪಾಕದ ಮಾತು ಬರೀ ಸಕ್ಕರೆ ನೀರಿಗೆ.

ಮುರಬ್ಬ, ಗುಳಂಬಗಳನ್ನೂ ಕೇಳುವವರು ಇರುತ್ತಾರೆ. ಮುರಬ್ಬದಲ್ಲಿ ಹೋಳು ಹೋಳಾಗಿಯೇ ಪಾಕದಲ್ಲಿ ನಿಲ್ಲಬೇಕು. ಗುಳಂಬ ಮಾವಿನಕಾಯಿ–ಬೆಲ್ಲದ್ದು, ಬಯಲುಸೀಮೆಯಲ್ಲಿ, ಮರಾಠಿ ನಾಡಿನಲ್ಲಿ ಹೆಚ್ಚು ಬಳಕೆ. ಮಾಂಬಳ ಒಲೆಯದ್ದೇ ಅಲ್ಲ, ರಸವನ್ನು ಚಾಪೆಯ ಮೇಲೆ ಪದರ ಪದರವಾಗಿ ಹರಡಿ ಬಿಸಿಲಲ್ಲಿ ಒಣಗಿಸಿದ್ದು, ಕೊಂಕಣಿಯವರ ಸಾಟ್. ಈ ಮೂರನ್ನೂ ಜಾಮ್ ಎಂಬ ಒಂದೇ ಹೆಸರಿನಡಿ ತುರುಕುವುದು ಅನ್ಯಾಯ.

– ಉಡುಪಿಯಿಂದ

—

ನಮಸ್ಕಾರ.

ಮೇಲಿನವರ ಮಾತಿಗೆ ನನ್ನ ಒಪ್ಪಿಗೆ ಇದೆ. ಪೇರಳೆಯ ಪ್ರಸ್ತಾಪ ಬಂದದ್ದರಿಂದ ಪೆರಾದ್ ಸೇರಿಸಬೇಕು. ಮಂಗಳೂರಿನ ಕೊಂಕಣಿ ಕ್ರೈಸ್ತರ ಮನೆಗಳಲ್ಲಿ ಇದು ಬಳಕೆಯ ಮಾತು. ಪೋರ್ಚುಗೀಸಿನಲ್ಲಿ ‘ಪೇರ’ ಎಂದರೆ ಪಿಯರ್ ಹಣ್ಣು, ಅದರ ಗಟ್ಟಿ ಪಾಕ ‘ಪೆರಾದ’. ಇಲ್ಲಿ ಆ ಹಣ್ಣಿನ ಜಾಗಕ್ಕೆ ಪೇರಳೆ ಬಂತು, ಹೆಸರು ಉಳಿಯಿತು. ಕೆಲವರು ಇಂಗ್ಲಿಷಿನವರಂತೆ ‘ಪೇರಳೆ ಚೀಸ್’ ಎಂದು ಬರೆಯುತ್ತಾರೆ. ದಯವಿಟ್ಟು ಅದು ಬೇಡ, ಹಾಲಿನ ಚೀಸ್ ಹಾಕಬೇಕೇ ಎಂದು ಓದುಗರು ಕೇಳುತ್ತಾರೆ.

ಹದದಲ್ಲಿ ಪೆರಾದ್ ಬೆರಟಿಯ ಜೊತೆಗೇ ನಿಲ್ಲುತ್ತದೆ, ಅದೂ ತಳ ಬಿಡುವ ಹದ. ಒಂದು ದೊಡ್ಡ ವ್ಯತ್ಯಾಸವಿದೆ: ಪೇರಳೆಯಲ್ಲಿ ಪೆಕ್ಟಿನ್ ಧಾರಾಳ. ಹಾಗಾಗಿ ಪೆರಾದ್ ನೀರಾರುವುದರ ಜೊತೆ ಕಟ್ಟುತ್ತದೆ ಕೂಡ, ಚಾಕುವಿನಲ್ಲಿ ಕತ್ತರಿಸಿದರೆ ಅಂಚು ನೇರ ನಿಲ್ಲುತ್ತದೆ. ಬೆರಟಿಗೆ ಆ ಅಂಚು ಬರುವುದಿಲ್ಲ. ಪೂರ್ತಿ ಕಳಿತ ಹಣ್ಣನ್ನೇ ಹಾಕಿದರೆ ಪೆಕ್ಟಿನ್ ಕುಗ್ಗಿರುತ್ತದೆ. ಮೂರು ಪಾಲು ಹಣ್ಣಿಗೆ ಒಂದು ಪಾಲು ದೋರೆಗಾಯಿ ಸೇರಿಸಿ. ಬೇಯಿಸಿ, ಬೀಜ ಹೋಗುವಂತೆ ಜರಡಿಯಲ್ಲಿ ಒತ್ತಿ ತೆಗೆದ ತಿರುಳು 1 ಕಿಲೋ, ಸಕ್ಕರೆ 750 ಗ್ರಾಂ, ಎರಡು ಲಿಂಬೆಯ ರಸ, ಬೆಣ್ಣೆ 50 ಗ್ರಾಂ. ಲಿಂಬೆ ರುಚಿಗೆ ಮಾತ್ರವಲ್ಲ. ಹುಳಿ ಇಲ್ಲದೆ ಪೆಕ್ಟಿನ್ ಕಟ್ಟುವುದಿಲ್ಲ. ಜೊತೆಗೆ ಹುಳಿ ಸಕ್ಕರೆಯ ಒಂದು ಭಾಗವನ್ನು ಒಡೆಯುವುದರಿಂದ ವಾರದ ಮೇಲೆ ಹರಳುಗಟ್ಟುವುದೂ ತಪ್ಪುತ್ತದೆ. ಆದರೆ ಹುಳಿ ಅತಿಯಾದರೆ ಕಟ್ಟಿದ್ದು ನೀರು ಬಿಡುತ್ತದೆ. ಹುಳಿ ಇರುವ ಯಾವುದನ್ನೂ ಅಲ್ಯೂಮಿನಿಯಂ ಪಾತ್ರೆಯಲ್ಲಾಗಲಿ, ಕಲಾಯಿ ಹೋದ ಹಿತ್ತಾಳೆಯಲ್ಲಾಗಲಿ ಕಾಯಿಸಬೇಡಿ. ಕೊನೆಯ ಕಾಲು ಗಂಟೆ ಪೆರಾದ್ ದಪ್ಪ ಗುಳ್ಳೆ ಎದ್ದು ಕೈಗೆ ಸಿಡಿಯುತ್ತದೆ. ಉದ್ದ ಹಿಡಿಯ ಮರದ ಸೌಟು ಬೇಕೇ ಬೇಕು.

ಈಗ ‘ಬೇಯಿಸು’. ಇದು ಸಾಲದು. ನಮ್ಮ ಊರಿನಲ್ಲಿ ಹಿಟ್ಟು ಬೇಯಿಸಿ ಎಂದರೆ ತೊಂದೊರ್ (ಹಬೆಯಲ್ಲಿ ಬೇಯಿಸುವ ಪಾತ್ರೆ) ಅಥವಾ ಇಡ್ಲಿ ಪಾತ್ರೆಗೆ ಕೈ ಹೋಗುತ್ತದೆ. ‘ಸುಡು’ ಎಂದರೆ ಹಪ್ಪಳ, ಗೆಣಸು. ಮೇಲಿನಿಂದಲೂ ಕೆಳಗಿನಿಂದಲೂ ಒಣ ಶಾಖ ಕೊಡುವ ಕೆಲಸ ತುಳುನಾಡಿಗೆ ಹೊಸದಲ್ಲ; ಕೆಂಡದಡ್ಯೆ ಎಂಬ ತಿಂಡಿ ಮಾಡುವಾಗ ಪಾತ್ರೆಯ ತಳಕ್ಕೆ ಕೆಂಡ, ಮುಚ್ಚಳದ ಮೇಲೂ ಗೆರಟೆಯ ಕೆಂಡ. ಆದರೂ ಅದಕ್ಕೊಂದು ಒಂಟಿ ಕ್ರಿಯಾಪದ ಬಳಕೆಯಲ್ಲಿಲ್ಲ. ಸಂಸ್ಕೃತದಿಂದ ಹೊಸದನ್ನು ಕಟ್ಟುವುದಕ್ಕಿಂತ ‘ಬೇಕ್ ಮಾಡಿ’ ಎಂದೇ ಬರೆದು, ಒವನ್ ಇಲ್ಲದವರಿಗೆ ‘ದಪ್ಪ ತಳದ ಪಾತ್ರೆಯಲ್ಲಿ ಮರಳು ಹಾಸಿ, ಹತ್ತು ನಿಮಿಷ ಕಾಯಿಸಿ, ಒಳಗೆ ಅಡ್ಡಣಿಗೆ ಇಟ್ಟು’ ಎಂದು ಬಿಡಿಸಿ ಹೇಳಿ.

ಹದದ ಹೆಸರು ಏಕೆ ಮುಖ್ಯ ಎಂಬುದು ಒವನ್‌ನಲ್ಲಿ ಕಣ್ಣಿಗೇ ಕಾಣುತ್ತದೆ. ಬಿಸ್ಕತ್ತಿನ ಹಿಟ್ಟಿನ ನಡುವೆ ಕುಳಿ ಮಾಡಿ ಜಾಮ್ ತುಂಬಿ 170 ಡಿಗ್ರಿಗೆ ಇಟ್ಟರೆ, ಅದರಲ್ಲಿರುವ ಮೂರನೇ ಒಂದು ಪಾಲು ನೀರು ಕುದಿದು ಉಕ್ಕಿ ಟ್ರೇ ತುಂಬ ಅಂಟಿಕೊಳ್ಳುತ್ತದೆ, ಬಿಸ್ಕತ್ತಿನ ತಳ ಹಸಿ ಉಳಿಯುತ್ತದೆ. ಬೆರಟಿ, ಪೆರಾದ್ ಇಟ್ಟಲ್ಲೇ ನಿಲ್ಲುತ್ತವೆ. ಮನೆಯಲ್ಲಿ ಜಾಮ್ ಮಾತ್ರ ಇದ್ದರೆ ಕುಳಿಯನ್ನು ಖಾಲಿ ಬಿಟ್ಟು ಬೇಕ್ ಮಾಡಿ, ಕೊನೆಯ ಐದು ನಿಮಿಷಕ್ಕೆ ತುಂಬಿ.

ಕೇಕಿನಲ್ಲಿ ಕಷ್ಟ ತಿರುವುಮುರುವು. ಅಲ್ಲಿ ಜಾಮ್ ಸುಲಭವಾಗಿ ಬೆರೆಯುತ್ತದೆ, ಬೆರಟಿ ಗಂಟುಗಂಟಾಗಿ ತಳ ಸೇರುತ್ತದೆ. 200 ಗ್ರಾಂ ಬೆರಟಿಯನ್ನು 100 ಮಿಲಿ ಹಾಲಿನಲ್ಲಿ ಸಣ್ಣ ಉರಿಯಲ್ಲಿ ಕಲಸಿ ದೋಸೆ ಹಿಟ್ಟಿಗಿಂತ ತುಸು ದಪ್ಪಕ್ಕೆ ತನ್ನಿ, ಪೂರ್ತಿ ತಣಿಸಿ. ಮೈದಾ 200 ಗ್ರಾಂ, ಬೆಣ್ಣೆ 100, ಸಕ್ಕರೆ 60 ಸಾಕು, ಮೊಟ್ಟೆ ಎರಡು, ಬೇಕಿಂಗ್ ಪೌಡರ್ ಒಂದೂವರೆ ಟೀ ಚಮಚ, ಸೋಡಾ ಕಾಲು ಚಮಚ. ಮೊಟ್ಟೆ ಬೇಡದವರು 150 ಮಿಲಿ ಹುಳಿ ಮೊಸರು ಹಾಕಿ ಸೋಡಾವನ್ನು ಅರ್ಧ ಚಮಚಕ್ಕೆ ಏರಿಸಿ. ಮೊಸರಿನ ಹುಳಿ ಇಲ್ಲದಿದ್ದರೆ ಸೋಡಾ ಹಾಗೇ ಉಳಿದು ಸಾಬೂನಿನ ವಾಸನೆ ಬರುತ್ತದೆ. ಶಾಖ 160 ಡಿಗ್ರಿ, 45 ನಿಮಿಷ. 180 ಇಟ್ಟರೆ ಬೆಲ್ಲ ಇರುವುದರಿಂದ ಹೊರಗೆ ಕಪ್ಪಾಗಿ ನಡು ಹಸಿಯಾಗಿರುತ್ತದೆ. ಕಡ್ಡಿ ಚುಚ್ಚಿ ನೋಡುವಾಗ ಎರಡು ಕಡೆ ಚುಚ್ಚಿ, ಒಂದು ಕಡೆ ಬೆರಟಿಯ ತುಣುಕೇ ಅಂಟಿರಬಹುದು.

– ಮಂಗಳೂರಿನಿಂದ

—

ಇಬ್ಬರಿಗೂ ಧನ್ಯವಾದ. ‘ತಳ ಬಿಡು’, ‘ಕಟ್ಟು’, ‘ನೆರಿಗೆ ಬೀಳು’ ಮೂರನ್ನೂ ಉಳಿಸಿಕೊಳ್ಳುತ್ತಿದ್ದೇನೆ, ‘ಬೇಕ್ ಮಾಡು’ ಹಾಗೆಯೇ ಇರುತ್ತದೆ. ಅನಾನಸಿನ ವಿಷಯ ಬಿಟ್ಟುಹೋಯಿತು. ಅದರಲ್ಲಿ ಹುಳಿ ಇದೆ, ಪೆಕ್ಟಿನ್ ಇಲ್ಲವೆನ್ನುವಷ್ಟು ಕಡಿಮೆ. ಎಷ್ಟು ಕಾಯಿಸಿದರೂ ಕಟ್ಟುವ ಮೊದಲೇ ಪಾಕ ಏರುತ್ತದೆ. ಇದಕ್ಕೆ ಪೇರಳೆಯ ತಿಳಿ ಸೇರಿಸುವುದಾದರೆ ಪ್ರಮಾಣ ಎಷ್ಟು?

—

ಕಿಲೋ ಅನಾನಸಿಗೆ ಕಾಲು ಕಿಲೋ ದೋರೆ ಪೇರಳೆಯನ್ನು ಮುಳುಗುವಷ್ಟು ನೀರಿನಲ್ಲಿ ಅರ್ಧ ಗಂಟೆ ಬೇಯಿಸಿ, ಹಿಂಡದೆ ಬಟ್ಟೆಯಲ್ಲಿ ಇಳಿಬಿಟ್ಟು ಸೋಸಿದ ತಿಳಿ. ಹಿಂಡಿದರೆ ಮಸುಕಾಗುತ್ತದೆ, ಅಷ್ಟೇ, ಕಟ್ಟುವುದಕ್ಕೆ ತೊಂದರೆಯಿಲ್ಲ. ಸಕ್ಕರೆ ಹಾಕುವ ಮೊದಲೇ ಸೇರಿಸಿ.

– ಉಡುಪಿಯಿಂದ