ಸಹಾಯ ಬೇಕು: ಡಾಪ್ಲರ್ ವಿಒಆರ್ ಉಲ್ಟಾ ಯಾಕೆ ತಿರುಗುತ್ತದೆ?

ನಮಸ್ಕಾರ. ಪರೀಕ್ಷೆಗೆ ಓದುತ್ತಾ ವಿಒಆರ್ (ವಿಮಾನಕ್ಕೆ ದಿಕ್ಕು ತಿಳಿಸುವ ರೇಡಿಯೊ ವ್ಯವಸ್ಥೆ) ಹತ್ತಿರ ಸಿಕ್ಕಿಕೊಂಡಿದ್ದೇನೆ.

ಮಾಮೂಲಿ ವಿಒಆರ್ ತಿಳಿಯಿತು. ನೆಲದ ಕೇಂದ್ರ ಎರಡು 30 ಹರ್ಟ್ಜ್ ಸಿಗ್ನಲ್ ಕಳಿಸುತ್ತದೆ. ಒಂದು ಎಫ್‌ಎಂನಲ್ಲಿ (ಅಲೆಯ ಆವರ್ತನ ಬದಲಾಗುವ ರೀತಿ), ಎಲ್ಲ ದಿಕ್ಕಿಗೂ ಒಂದೇ ಥರ. ಇನ್ನೊಂದು ಸಿಗ್ನಲ್ ಸೆಕೆಂಡಿಗೆ 30 ಸುತ್ತು ತಿರುಗುತ್ತದೆ, ವಿಮಾನಕ್ಕೆ ಅದು ಎಎಂ (ಅಲೆಯ ಬಲ ಬದಲಾಗುವ ರೀತಿ) ಆಗಿ ಸಿಗುತ್ತದೆ. ಎರಡರ ಫೇಸ್ (ಅಲೆಯ ಹಂತ) ವ್ಯತ್ಯಾಸವೇ ರೇಡಿಯಲ್, ಅಂದರೆ ಕೇಂದ್ರದಿಂದ ವಿಮಾನ ಇರುವ ದಿಕ್ಕು. ಲೈಟ್‌ಹೌಸ್ ಇದ್ದ ಹಾಗೆ, ಅಲ್ವಾ?

ತಲೆ ಕೆಟ್ಟಿದ್ದು ವಿಒಆರ್‌ನ ಇನ್ನೊಂದು ಬಗೆಯಾದ ಡಾಪ್ಲರ್ ವಿಒಆರ್‌ನಲ್ಲಿ. ಅಲ್ಲಿ ಎಎಂ, ಎಫ್‌ಎಂ ಕೆಲಸ ಅದಲು ಬದಲು. ಸಿಗ್ನಲ್ ಕೂಡ ಅಪ್ರದಕ್ಷಿಣೆ ತಿರುಗುತ್ತದೆ. ಆದರೂ ವಿಮಾನದಲ್ಲಿರುವ ಅದೇ ಹಳೇ ರಿಸೀವರ್ ಸರಿಯಾದ ರೇಡಿಯಲ್ಲನ್ನೇ ತೋರಿಸುತ್ತದೆ! ಎರಡು ಉಲ್ಟಾ ಸೇರಿ ಸರಿಹೋಗುತ್ತದೆ ಎಂದಷ್ಟೇ ನನ್ನ ನೋಟ್ಸ್‌ನಲ್ಲಿದೆ. ಸುಮ್ನೆ ಬಾಯಿಪಾಠ ಮಾಡಲು ಮನಸ್ಸಿಲ್ಲ.

ಉತ್ತರಕ್ಕೊಂದು, ಪೂರ್ವಕ್ಕೊಂದು ವಿಮಾನ ಇಟ್ಟು ಯಾರಾದರೂ ಬಿಡಿಸಿ ಹೇಳುತ್ತೀರಾ? ಕೈಯಲ್ಲಿ ಗೀಚಿದ ಚಿತ್ರವಾದರೂ ಸಾಕು.