ತಾರಸಿ ಟೊಮೇಟೊಗೆ ಗಾಳಿಗೆ ಬೀಳದಂಥ ಆಸರೆ ಕಟ್ಟೋದು ಹೇಗೆ?

ಮಹಡಿತೋಟ:
ತಾರಸಿಯಲ್ಲಿ 15 ಇಂಚಿನ 12 ಗ್ರೋಬ್ಯಾಗ್ ಇವೆ, ಆರಾರರ ಎರಡು ಸಾಲು. ಒಂದು ಸಾಲು ಅರ್ಕಾ ರಕ್ಷಕ್ ತಳಿ, ಇನ್ನೊಂದು ಚೆರ್ರಿ ಟೊಮೇಟೊ. ನಾಟಿ ಮಾಡಿ 20 ದಿನ. ಚೀಲಕ್ಕೊಂದರಂತೆ 4 ಅಡಿ ಕೋಲು ಚುಚ್ಚಿದ್ದೇನೆ, ಈಗಲೇ ವಾಲುತ್ತಿವೆ. ಆಷಾಢದ ಗಾಳಿಗೆ ನಿಲ್ಲೋ ಹಾಗಿಲ್ಲ. ದಪ್ಪ ಕೋಲು ತಂದರೆ ಸಾಕಾ? ತಾರಸಿಗೆ ತೂತು ಕೊರೆಯುವಂತಿಲ್ಲ.

ಬೊಂಬುಕಟ್ಟು:
ದಪ್ಪ ಕೋಲಿಂದ ಪ್ರಯೋಜನ ಇಲ್ಲ. ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಬೆರೆತ ಸಡಿಲ ಮಣ್ಣಿಗೆ ಕೋಲಿನ ಬುಡ ಹಿಡಿಯೋ ಬಿಗಿ ಇರಲ್ಲ. ಕೋಲು ಉದ್ದವಾದಷ್ಟೂ ಸನ್ನೆಗೋಲಿನ ಥರ ಚೀಲವನ್ನೇ ಮಗುಚುತ್ತೆ. ಹನ್ನೆರಡಕ್ಕೂ ಸೇರಿಸಿ ಒಂದೇ ಚಪ್ಪರ ಕಟ್ಟಿ.

ಬೇಕಾದ ಬೊಂಬು: 7 ಅಡಿಯದು 6, 12 ಅಡಿಯದು 1, 10 ಅಡಿಯದು 2. ಚೀಲದ ಮಧ್ಯದಿಂದ ಮಧ್ಯಕ್ಕೆ 2 ಅಡಿ ಬರುವಂತೆ ಎರಡೂ ಸಾಲು ಪಕ್ಕಪಕ್ಕ ಇಡಿ. 7 ಅಡಿ ಬೊಂಬು ಎರಡೆರಡು ಸೇರಿಸಿ, ಮೇಲ್ತುದಿಯಿಂದ 4 ಇಂಚು ಕೆಳಗೆ ಕತ್ತರಿಯಂತೆ ಕಟ್ಟಿ. ಎರಡು ತುದಿಗೆ ಒಂದೊಂದು ಕತ್ತರಿ, ನಡುವೆ ಒಂದು. ಕಾಲುಗಳ ಅಂತರ ಮೂರೂವರೆ ಅಡಿ, ನೆಲದಿಂದ ಒಂದಡಿ ಮೇಲೆ ಅಡ್ಡ ದಬ್ಬೆ. ಮೇಲಿನ ಕವಲಿನಲ್ಲಿ 12 ಅಡಿ ಬೊಂಬು ಮಲಗಿಸಿ.

ಬೊಂಬು ನುಣುಪು, ಬರೀ ಬೈಂಡಿಂಗ್ ವೈರ್ ಸುತ್ತಿದರೆ ಜಾರುತ್ತೆ. ಮೊದಲು ಹಳೇ ಸೈಕಲ್ ಟ್ಯೂಬಿನ ಪಟ್ಟಿ ಎಳೆದು ಸುತ್ತಿ, ಅದರ ಮೇಲೆ ಎರಡೆಳೆ ವೈರ್ ಹಾಕಿ ಇಕ್ಕಳದಲ್ಲಿ ತಿರುಚಿ.

ಎಲ್ಲರೂ ಮರೆಯೋದು ಓರೆಕಟ್ಟು. ಅದಿಲ್ಲದಿದ್ದರೆ ಮೂರೂ ಕತ್ತರಿ ಇಸ್ಪೀಟ್ ಎಲೆಯಂತೆ ಒಂದೇ ಕಡೆ ಮಲಗುತ್ತವೆ. ತುದಿಯ ಕತ್ತರಿಯ ಕಾಲಬುಡದಿಂದ ನಡುವಿನ ಕತ್ತರಿಯ ನೆತ್ತಿಗೆ 10 ಅಡಿ ಬೊಂಬನ್ನು ಓರೆಯಾಗಿ ಕಟ್ಟಿ. ಆ ತುದಿಯಿಂದಲೂ ಹಾಗೇ ಇನ್ನೊಂದು.

ತುದಿಯ ನಾಲ್ಕು ಕಾಲನ್ನೂ 20 ಲೀಟರ್ ಪೇಂಟ್ ಬಕೆಟ್‌ನಲ್ಲಿಟ್ಟು ಜಲ್ಲಿ ತುಂಬಿ, ಒಂದೊಂದೂ ಸುಮಾರು 30 ಕೆಜಿ ಆಗುತ್ತೆ. ತಳಕ್ಕೆ ತೂತು ಇರಲಿ, ನೀರು ನಿಂತರೆ ಬೊಂಬು ಕೊಳೆಯುತ್ತೆ, ಸೊಳ್ಳೆ ಬೇರೆ.

ಹುರಿದಾರ:
ಮೇಲಿನ ಬೊಂಬಿನಿಂದ ಗಿಡಕ್ಕೊಂದು ದಾರ ಇಳಿಬಿಡಿ. ಸೆಣಬಿನ ಸುತಲಿ ಬೇಡ, ಮಳೆಗೆ ನೆನೆದು ಕಾಯಿ ತುಂಬಿದ ಹೊತ್ತಿಗೇ ಬುಡದ ಗಂಟಿನಲ್ಲಿ ಕಿತ್ತುಹೋಗುತ್ತೆ. ಪ್ಲಾಸ್ಟಿಕ್ ಹುರಿ ಇರಲಿ, ಕಾಂಡಕ್ಕೆ ತಾಗೋ ಕಡೆ ಹಳೇ ಕಾಟನ್ ಸೀರೆಯ ಪಟ್ಟಿ. ಬುಡದ ಕುಣಿಕೆಯಲ್ಲಿ ಹೆಬ್ಬೆರಳು ಆಡುವಷ್ಟು ಜಾಗ ಬಿಡಿ, ಜಾರುಗಂಟು ಹಾಕಿದರೆ ದಪ್ಪವಾಗೋ ಕಾಂಡವನ್ನು ಅದೇ ಕೊಯ್ಯುತ್ತೆ.

ಚೆರ್ರಿ ಬೆಳೆಯುತ್ತಲೇ ಹೋಗುತ್ತೆ. ಒಂದೆರಡು ಕಾಂಡ ಉಳಿಸಿ ಎಲೆ-ಕಾಂಡದ ಸಂದಿಯಲ್ಲಿ ಬರೋ ಕಂಕುಳ ಚಿಗುರು ಚಿವುಟಿ, ವಾರಕ್ಕೊಮ್ಮೆ ದಾರಕ್ಕೆ ಸುತ್ತಿ. ಅರ್ಕಾ ರಕ್ಷಕ್ ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ತಳಿ, ಅಷ್ಟು ಎತ್ತರ ಹೋಗಲ್ಲ. ಆದರೆ ಕಾಯಿ ಒಂದೊಂದೂ 90-100 ಗ್ರಾಂ. ಎರಡು ಮೂರು ಕಾಂಡ ಬಿಟ್ಟು ಪ್ರತಿಯೊಂದಕ್ಕೂ ಬೇರೆ ದಾರ ಕೊಡಿ.

ಮಹಡಿತೋಟ:
ಚುಚ್ಚಿರೋ ಕೋಲು ಕೀಳಲಾ? ಗಿಡದ ಸುತ್ತ ವೆಲ್ಡ್‌ಮೆಶ್ (ಬೆಸುಗೆ ಹಾಕಿದ ತಂತಿ ಜಾಲರಿ) ಸುರುಳಿ ಸುತ್ತಿದರೆ ಇದಕ್ಕಿಂತ ಸುಲಭ ಅಲ್ವಾ?

ಬೊಂಬುಕಟ್ಟು:
ಕೀಳಬೇಡಿ, ಬೇರು ಹರಿಯುತ್ತೆ. ದಾರಕ್ಕೆ ಸಿಗೋವರೆಗೆ ಅದೇ ಇರಲಿ. ಮೆಶ್ ನೆಲದ ಗಿಡಕ್ಕೆ ಚೆನ್ನ: ಒಂದೂವರೆ ಅಡಿ ಅಗಲದ ಸುರುಳಿಗೆ 5 ಅಡಿ ಮೆಶ್, ಪಕ್ಕದಲ್ಲಿ ಒಂದೂವರೆ ಅಡಿ ಆಳಕ್ಕೆ ಬಡಿದ ಎರಡು ಕಬ್ಬಿಣದ ಸರಳು. ಜಾಲರಿಯ ಕಣ್ಣು 4 ಇಂಚಾದರೂ ಇರಬೇಕು, 2 ಇಂಚಿನದು ತಂದರೆ ಹಣ್ಣು ಕಾಣುತ್ತೆ, ಕೈ ಹೋಗಲ್ಲ. ಚೀಲದಲ್ಲಿ ಅದೂ ನಿಮ್ಮ ಕೋಲಿನ ಥರಾನೇ ಮಗುಚುತ್ತೆ.

ಬೊಂಬು ಕೊಳ್ಳುವಾಗ ನೆಲಕ್ಕೆ ಕುಟ್ಟಿ ನೋಡಿ. ಬಿಳಿ ಹಿಟ್ಟು ಉದುರಿದರೆ ಹುಳ ಬಿದ್ದಿದೆ, ಬೇರೆ ಆರಿಸಿ.