ಪದ ಬೇಕು: ‘ಬಾಡಿ ಪ್ರಪೋರ್ಷನ್’ (ನಾಳೆ ಬೋರ್ಡು ಪ್ರಿಂಟಿಗೆ ಹೋಗುತ್ತದೆ)

ಕರಡುಪ್ರತಿ ಬರೆದದ್ದು:

ಎಲ್ಲರಿಗೂ ನಮಸ್ಕಾರ. ತುರ್ತಾಗಿ ಒಂದು ಪದ ಬೇಕು.

ಇಲ್ಲಿನ ಒಂದು ಆಸ್ಪತ್ರೆಯ ಪ್ಲಾಸ್ಟಿಕ್ ಸರ್ಜರಿ ವಿಭಾಗಕ್ಕೆ ಕನ್ನಡ ಕರಪತ್ರ ಮಾಡಿಕೊಡುತ್ತಿದ್ದೇನೆ. ಕರಪತ್ರ ಹೇಗೋ ಮುಗಿಯಿತು. ಸಿಕ್ಕಿಹಾಕಿಕೊಂಡಿರುವುದು ಒಂದು ಬೋರ್ಡಿನಲ್ಲಿ. ಆಪರೇಷನ್‌ಗೆ ಮೊದಲು ಮುಖ, ಮೂಗು, ಸೊಂಟ ಎಲ್ಲ ಅಳೆದು, ಫೋಟೋ ತೆಗೆದು, ಯಾವುದಕ್ಕೆ ಯಾವುದು ಎಷ್ಟಿದೆ ಎಂದು ನೋಡುವ ಕೊಠಡಿ ಅದು. ಇಂಗ್ಲಿಷಿನಲ್ಲಿ ‘ಬಾಡಿ ಪ್ರಪೋರ್ಷನ್ ಅಂಡ್ ಏಸ್ಥೆಟಿಕ್ ಅಸೆಸ್‌ಮೆಂಟ್’ ಎಂದಿದೆ. ಬೋರ್ಡು ಮೂರಡಿ ಅಗಲ. ಪಕ್ಕದ ‘ಅರಿವಳಿಕೆ ಕೊಠಡಿ’ ಬೋರ್ಡಿನಷ್ಟೇ ದಪ್ಪ ಅಕ್ಷರ ಇರಬೇಕಂತೆ.

ಮೊದಲು ‘ದೇಹ ಪ್ರಮಾಣ ಮತ್ತು ಸೌಂದರ್ಯ ಮಾಪನ’ ಎಂದು ಕಾಗದದಲ್ಲಿ ಬರೆದು ಬಾಗಿಲಿಗೆ ಅಂಟಿಸಿ ನೋಡಿದೆ. ನೆಲ ಒರೆಸುತ್ತಿದ್ದ ಆಯಾ ಅಕ್ಷರ ಕೂಡಿಸಿ ಓದಿ, “ಇಲ್ಲಿ ಯಾರ ಮೇಲೆ ಪ್ರಮಾಣ ಮಾಡಿಸ್ತಾರೆ ಮೇಡಂ?” ಎಂದು ಕೇಳಿದರು. ಕಾಗದ ಕಿತ್ತುಕೊಂಡು ಬಂದೆ.

‘ಅನುಪಾತ’ ಎಂದರೆ ಗಣಿತದ ಪುಸ್ತಕ. ‘ಅಂಗಸೌಷ್ಟವ’ ಎಂದರೆ ಜಿಮ್ಮು. ನಾಳೆ 11 ಗಂಟೆಗೆ ಫ್ಲೆಕ್ಸ್ ಅಂಗಡಿಗೆ ಕೊಡಬೇಕು. ದಯವಿಟ್ಟು ಯಾರಾದರೂ ಹೇಳಿ.

ಬೇರುಬಿಳಲು ಬರೆದದ್ದು:

‘ಮೈಮಾಟ’. ಇದಕ್ಕೆ ಇಷ್ಟು ಒದ್ದಾಟ ಯಾಕೆ?

ಆಡು–ಆಟ, ಓಡು–ಓಟ, ನೋಡು–ನೋಟ, ಮಾಡು–ಮಾಟ. ಮಾಡಿರುವ ಬಗೆಯೇ ಮಾಟ. ಗ್ರೀಕಿನ ‘ಪ್ಲಾಸ್ಟಿಕೋಸ್’ ಕೂಡ ಇದೇ: ಮಣ್ಣನ್ನೋ ಮೇಣವನ್ನೋ ಮೆತ್ತಿ ರೂಪ ಕೊಡುವುದಕ್ಕೆ ಸೇರಿದ್ದು. ಕೊಡದಲ್ಲಿ ನೀರು ತರುವ ಪ್ಲಾಸ್ಟಿಕ್ ಹುಟ್ಟುವುದಕ್ಕೆ ಎಷ್ಟೋ ಮೊದಲಿನ ಮಾತು. ಹಾಗಾಗಿ ಪ್ಲಾಸ್ಟಿಕ್ ಸರ್ಜರಿಗೆ ಮಾಟಕ್ಕಿಂತ ಹತ್ತಿರದ ಪದ ಇಲ್ಲ. ‘ಮೈಮಾಟದ ಅಳತೆ’ ಎಂದು ಬರೆಯಿರಿ, ಮುಗಿಯಿತು.

ಕರಡುಪ್ರತಿ:

ಸಾರ್, ಬೇರು ಸರಿ. ಆದರೆ ಆಸ್ಪತ್ರೆ ಬಾಗಿಲಲ್ಲಿ ‘ಮಾಟ’ ಎಂದು ದಪ್ಪಕ್ಷರದಲ್ಲಿ ಹಾಕಿದರೆ ಜನ ನಿಂಬೆಹಣ್ಣು ಹಿಡಿದುಕೊಂಡು ಬರುತ್ತಾರೆ.

ಬೇರುಬಿಳಲು:

ಅದು ಜನರ ತಪ್ಪು.

ಉಳಿಪೆಟ್ಟು ಬರೆದದ್ದು:

ನಾನು ಶಿವಾರಪಟ್ಟಣದ ಕಡೆಯವನು, ಮನೆಯಲ್ಲಿ ಮೂರ್ತಿ ಕೆಲಸ. ನೀವು ಕೇಳುತ್ತಿರುವುದಕ್ಕೆ ನಮ್ಮಲ್ಲಿ ಯಾವಾಗಿನಿಂದಲೋ ಪದ ಇದೆ. ‘ತಾಳಮಾನ’.

ಮುಖದ ಉದ್ದ ಒಂದು ತಾಳ. ತಾಳಕ್ಕೆ 12 ಅಂಗುಲ, ಅಂಗುಲಕ್ಕೆ 8 ಯವ, ಅಂದರೆ ಜವೆಗೋಧಿ ಕಾಳು. ಒಂಬತ್ತು ಮುಖದಷ್ಟು ಎತ್ತರ ಇದ್ದರೆ ನವತಾಳ, ಅಂದರೆ 108 ಅಂಗುಲ. ಹತ್ತು ತಾಳಕ್ಕೆ ಲೆಕ್ಕದಲ್ಲಿ 120, ಆದರೆ ದಶತಾಳದಲ್ಲೇ ದೊಡ್ಡದಾದ ‘ಉತ್ತಮ ದಶತಾಳ’ಕ್ಕೆ 124. ಈ ಅಂಗುಲ ಇಂಚಲ್ಲ, ಟೇಪಿನಲ್ಲಿ ಹುಡುಕಬೇಡಿ. ನವತಾಳದ ಮೂರ್ತಿಯ ಎತ್ತರವನ್ನೇ 108 ಪಾಲು ಮಾಡಿದರೆ ಒಂದು ಪಾಲು ಒಂದು ಅಂಗುಲ. ಅದಕ್ಕೆ ‘ದೇಹಲಬ್ಧಾಂಗುಲ’ ಎಂದು ಹೆಸರು. ಆರಡಿ ಮೂರ್ತಿಗೂ ಅದೇ 108, ಅಂಗೈಯಲ್ಲಿ ಹಿಡಿಯುವ ಮೂರ್ತಿಗೂ ಅದೇ 108. ಪ್ರಪೋರ್ಷನ್ ಎಂದರೆ ಇದೇ ಅಲ್ವಾ?

ಮುಖದ 12 ಅಂಗುಲವನ್ನು ಮತ್ತೆ ಮೂರು ಪಾಲು ಮಾಡುತ್ತೇವೆ. ಹಣೆಗೆ 4, ಮೂಗಿಗೆ 4, ಮೂಗಿನ ಕೆಳಗಿನಿಂದ ಗದ್ದದವರೆಗೆ 4. ನಿಮ್ಮ ಡಾಕ್ಟರನ್ನು ಕೇಳಿ ನೋಡಿ, ಅವರೂ ಇದನ್ನೇ ಹೇಳುತ್ತಾರೆ.

ಅಲ್ಪಪ್ರಾಣ ಬರೆದದ್ದು:

ತಾಳ, ಮಾನ, ದೇಹ, ಲಬ್ದ, ಅಂಗುಲ. ಅಯ್ದಕ್ಕೆ ಅಯ್ದೂ ಎರವಲು. ನಮ್ಮಲ್ಲಿ ಅಳತೆ ಇಲ್ಲವೇ? ಗೇಣು, ಮೊಳ, ಮಾರು ಎಲ್ಲವೂ ಮಯ್ಯಿಂದಲೇ ಹುಟ್ಟಿದವು.

ನನ್ನ ಸಲಹೆ ‘ತಕ್ಕಳತೆ’. ಒಂದಕ್ಕೊಂದು ತಕ್ಕ ಅಳತೆ. ‘ತಕ್ಕಳತೆಯ ಕೋಣೆ’ ಎಂದು ಬೋರ್ಡು ಹಾಕಿ.

ಕಟ್ಟಿದ ಪದ ನಿಲ್ಲುವುದಿಲ್ಲ ಎನ್ನುವವರು ಪಕ್ಕದ ಬೋರ್ಡು ನೋಡಲಿ. ಅರಿವು ಅಳಿಯುವುದೇ ಅರಿವಳಿಕೆ. ಯಾರೂ ನಗಲಿಲ್ಲ, ಈಗ ಎಲ್ಲ ಆಸ್ಪತ್ರೆಯಲ್ಲೂ ಇದೆ. ಇನ್ನೊಂದು ಮಜಾ ಇದೆ. ಗ್ರೀಕಿನ ‘ಅಯ್ಸ್ತೆಸಿಸ್’ ಎಂದರೆ ಅರಿವು. ಅದು ಇಲ್ಲದಿರುವುದೇ ಅನಸ್ತೇಸಿಯ. ಏಸ್ತೆಟಿಕ್ ಕೂಡ ಅದೇ ಬೇರಿನದು. ಒಂದು ಕೋಣೆಯಲ್ಲಿ ಅರಿವು, ಪಕ್ಕದ ಕೋಣೆಯಲ್ಲಿ ಅರಿವಳಿಕೆ! ಇಂಗ್ಲಿಶಿನವರಿಗೇ ಇದು ಕಾಣುವುದಿಲ್ಲ.

ಬೇರುಬಿಳಲು:

‘ತಕ್ಕಳತೆ’ ಕೇಳಿದರೆ ತಕ್ಕಡಿ ನೆನಪಾಗುತ್ತದೆ. ತೂಕ ನೋಡುವ ಕೋಣೆ ಎಂದುಕೊಂಡು ಚಪ್ಪಲಿ ಬಿಟ್ಟು ಒಳಗೆ ಬರುತ್ತಾರೆ. ಮತ್ತೆ ತಾವು ‘ಪದ’ ಎಂದೂ ‘ಸಲಹೆ’ ಎಂದೂ ಬರೆದಿದ್ದೀರಿ. ಅವು ಯಾವ ಮನೆಯ ಸ್ವತ್ತು? ‘ಬೋರ್ಡು’ ಅಂತೂ ಕೇಳುವುದೇ ಬೇಡ.

ನಿವೃತ್ತ ಬರೆದದ್ದು:

ಮೊದಲಿಗೆ, ಅದು ‘ಸೌಷ್ಠವ’. ಠ. ‘ಸುಷ್ಠು’ವಿನಿಂದ ಬಂದದ್ದು. ಭಾಷಾಂತರ ಮಾಡುವವರೇ ಹೀಗೆ ಬರೆದರೆ ಹೇಗೆ?

ಎರಡನೆಯದಾಗಿ, ‘ಪ್ರಮಾಣ’ವನ್ನು ಬಿಡಬೇಡಿ. ತುಂಡಾದ ಮೂಗನ್ನು ಮತ್ತೆ ಕಟ್ಟುವ ವಿಧಾನ ಹೇಳುವಾಗ ಸುಶ್ರುತ ಬಳಸಿದ್ದೇ ಈ ಪದವನ್ನು. ‘ನಾಸಾಪ್ರಮಾಣ’ದ ಒಂದು ಎಲೆ ತಗೊಂಡು, ಅದರ ಅಳತೆಗೆ ಕೆನ್ನೆಯ ಚರ್ಮ ಎತ್ತಬೇಕು ಎಂದು. 1794ರಲ್ಲಿ ಲಂಡನ್ನಿನ ‘ಜಂಟಲ್‌ಮನ್ಸ್ ಮ್ಯಾಗಜೀನ್’ನಲ್ಲಿ ಬಂದ ವರದಿಯಲ್ಲೂ ಇಂಥದ್ದೇ ಕೆಲಸ. 1792ರ ಯುದ್ಧದಲ್ಲಿ ಇಂಗ್ಲಿಷರ ಕಡೆ ಎತ್ತು ಹೊಡೆಯುತ್ತಿದ್ದ ಕೊವಾಸ್ಜಿ ಟಿಪ್ಪುವಿನ ಕಡೆಯವರಿಗೆ ಸೆರೆ ಸಿಕ್ಕಿದ. ಮೂಗೂ ಒಂದು ಕೈಯೂ ಹೋದವು. ಆಮೇಲೆ ಪುಣೆಯ ಹತ್ತಿರ ಒಬ್ಬ ಮೂಗು ಕಟ್ಟಿಕೊಟ್ಟ. ತೆಳ್ಳಗಿನ ಮೇಣದ ಹಾಳೆಯನ್ನು ಮೂಗಿದ್ದ ಜಾಗದ ಮೇಲೆ ಕೂರಿಸಿ ಆಕಾರ ಹಿಡಿದ. ಅದನ್ನು ಚಪ್ಪಟೆ ಮಾಡಿ ಹಣೆಯ ಮೇಲಿಟ್ಟು ಸುತ್ತ ಗೆರೆ ಎಳೆದ. ಗೆರೆಯೊಳಗಿನ ಚರ್ಮವೇ ಮೂಗಾಯಿತು. ಅದನ್ನು ಓದಿಕೊಂಡ ಕಾರ್ಪ್ಯೂ ಎನ್ನುವ ಇಂಗ್ಲಿಷ್ ಸರ್ಜನ್ 1814ರಲ್ಲಿ ಲಂಡನ್ನಿನಲ್ಲಿ ಈ ಆಪರೇಷನ್ ಮಾಡಿದ.

ಇಷ್ಟು ಚರಿತ್ರೆ ಇರುವ ಪದವನ್ನು ನೆಲ ಒರೆಸುವವರ ಒಂದು ಮಾತಿಗೆ ಬಿಟ್ಟುಬಿಡುವುದೇ?

ಓಟಿ-3 ಬರೆದದ್ದು:

ಬೋರ್ಡು ಓದುವುದು ಅವರೇ ಸಾರ್, ಸುಶ್ರುತ ಅಲ್ಲ.

ನಾನು ಇಂಥದ್ದೇ ಕೊಠಡಿಯಲ್ಲಿ ಹದಿನಾಲ್ಕು ವರ್ಷದಿಂದ ಕೆಲಸ ಮಾಡುತ್ತಿದ್ದೇನೆ. ಒಳಗೆ ನಡೆಯುವುದು ಇಷ್ಟೇ. ಕ್ಯಾಲಿಪರ್‌ನ ಒಂದು ಮೊನೆ ಕೂದಲಂಚಿಗೆ, ಇನ್ನೊಂದು ಹುಬ್ಬುಗಳ ನಡುವೆ. ಆಮೇಲೆ ಅಲ್ಲಿಂದ ಮೂಗಿನ ಬುಡಕ್ಕೆ. ಆಮೇಲೆ ಗದ್ದಕ್ಕೆ. ಕಬ್ಬಿಣ ತಣ್ಣಗಿರುತ್ತದೆ, ಜನ ಕಣ್ಣು ಮುಚ್ಚಿಕೊಳ್ಳುತ್ತಾರೆ. ಡಾಕ್ಟರ್ ಓದುತ್ತಾರೆ, ನಾನು ಮಿಲಿಮೀಟರಿನಲ್ಲಿ ಬರೆದುಕೊಳ್ಳುತ್ತೇನೆ: 58, 61, 66. ಮುಖದ ಅಗಲಕ್ಕೆ ಐದು ಪಾಲು, ಒಂದೊಂದು ಪಾಲು ಒಂದೊಂದು ಕಣ್ಣಿನಷ್ಟು. ಮೂಗಿಗೂ ತುಟಿಗೂ ನಡುವಿನ ಕೋನ ಬೇರೆ. ಕಳೆದ ತಿಂಗಳು ಒಬ್ಬ ಹುಡುಗಿ ಸಂಖ್ಯೆಗಳನ್ನೆಲ್ಲ ಕೇಳಿಸಿಕೊಂಡು, “ಇದ್ರಲ್ಲಿ ಯಾವ್ದು ತಪ್ಪು ಅಕ್ಕ?” ಎಂದಳು.

ಅದಕ್ಕೇ ಹೇಳುತ್ತಿದ್ದೇನೆ, ತೀರ್ಪು ಕೊಡುವ ಪದ ಬೇಡ. ‘ತಕ್ಕ’ ಎಂದರೆ ಉಳಿದದ್ದು ತಕ್ಕದ್ದಲ್ಲ ಎಂದಾಯಿತು. ಮೂರು ಸಮಪಾಲಿನ ಲೆಕ್ಕ ಮೂರ್ತಿಗೆ, ಚಿತ್ರಕ್ಕೆ ಸರಿ. ಟೊರಾಂಟೊದ ಫಾರ್ಕಸ್ ಎನ್ನುವ ಡಾಕ್ಟರ್ ನಿಜವಾದ ಮುಖಗಳನ್ನು ಅಳೆದು ನೋಡಿ 1985ರಲ್ಲಿ ಬರೆದರು: ಈ ಹಳೇ ಸೂತ್ರಗಳು ಬಹಳ ಜನಕ್ಕೆ ಹೊಂದುವುದೇ ಇಲ್ಲ. ಅಲ್ಲಿನ ಬಿಳಿಯರ ಮುಖಕ್ಕೇ ಹೊಂದಲಿಲ್ಲ. ಕರಪತ್ರದಲ್ಲಿ ‘ಆದರ್ಶ’, ‘ಸುವರ್ಣ ಅನುಪಾತ’ ಎಲ್ಲಾದರೂ ಇದ್ದರೆ ತೆಗೆದುಬಿಡಿ. ಆ ಅನುಪಾತ 1.618 ಎಂದರೆ ಯಾರಿಗೂ ಗೊತ್ತಾಗುವುದಿಲ್ಲ, ‘ಸುವರ್ಣ’ ಎಂದರೆ ಖರ್ಚು ಜಾಸ್ತಿ ಎಂದುಕೊಳ್ಳುತ್ತಾರೆ. ಪ್ಲಾಸ್ಟಿಕ್ ಸರ್ಜರಿ ಎಂದರೆ ಒಳಗೆ ಪ್ಲಾಸ್ಟಿಕ್ ಇಡುತ್ತಾರಾ ಎಂದು ಇವತ್ತಿಗೂ ಕೇಳುವವರಿದ್ದಾರೆ.

ನಾವು ಒಳಗೆ ಸುಮ್ನೆ ‘ಅಳತೆ’ ಅಂತೀವಿ. “ಅವರ ಅಳತೆ ಆಯ್ತಾ?”

ಉಳಿಪೆಟ್ಟು:

ಈ ಮಾತು ಒಪ್ಪುತ್ತೇನೆ. ನಮಗೆ ಅಳತೆ ಮೊದಲು, ಕಲ್ಲು ಆಮೇಲೆ. ನಿಮಗೆ ಮುಖ ಮೊದಲೇ ಬಂದಿರುತ್ತದೆ. ದಶತಾಳ ಇರುವುದು ದೇವರಿಗೆ. ತಾಳಮಾನ ವಾಪಸ್.

ನಿವೃತ್ತ:

‘ಅಳತೆ ಕೊಠಡಿ’ ಎಂದರೆ ಟೈಲರ್ ಅಂಗಡಿ. ಬ್ಲೌಸ್ ಪೀಸ್ ಹಿಡಿದುಕೊಂಡು ಬರುತ್ತಾರೆ.

ಓಟಿ-3:

ಟೈಲರ್ ಮುಖ ಅಳೆಯುವುದಿಲ್ಲ ಸಾರ್.

ಅಲ್ಪಪ್ರಾಣ:

ಕೊನೆಗೆ ಗೆದ್ದದ್ದು ‘ಅಳತೆ’. ಅಚ್ಚಗನ್ನಡ. ಸಂಸ್ಕೃತದಿಂದ ಸಾಲ ತರದೇ ಬದುಕಬಹುದು ಎಂದು ಇಪ್ಪತ್ತು ವರುಶದಿಂದ ಹೇಳುತ್ತಿದ್ದೇನೆ.

ನಿವೃತ್ತ:

‘ಮುಖ’ ಸಂಸ್ಕೃತ. ಅದನ್ನು ಬಿಟ್ಟು ಅಳೆದುಕೊಳ್ಳಿ.

ಅಲ್ಪಪ್ರಾಣ:

‘ಮೊಗ’ ಎನ್ನುತ್ತೇವೆ.

ಬೇರುಬಿಳಲು:

ಅದೇ ಮುಖವೇ ಹಲ್ಲುಜ್ಜಿಕೊಂಡು ಬಂದರೆ ‘ಮೊಗ’. ತದ್ಭವವೂ ಎರವಲೇ.

ನಿರ್ವಾಹಕರು:

ಎರವಲಿನ ಜಗಳಕ್ಕೆ ಬೇರೆ ಎಳೆ ತೆರೆಯಿರಿ. ಕೇಳಿದವರಿಗೆ ನಾಳೆ 11ಕ್ಕೆ ಗಡುವಿದೆ.

ಕರಡುಪ್ರತಿ:

ಎಲ್ಲರಿಗೂ ಥ್ಯಾಂಕ್ಸ್. ‘ಮುಖ ಮತ್ತು ಮೈ ಅಳತೆ ಕೊಠಡಿ’ ಎಂದು ಮಾಡಿದ್ದೇನೆ. ಏಸ್ಥೆಟಿಕ್ ಕೈಬಿಟ್ಟೆ, ಅಂದ ನೋಡಿಕೊಳ್ಳಲು ಡಾಕ್ಟರ್ ಇದ್ದಾರೆ. ಬೆಳಿಗ್ಗೆ ಕಾಗದ ಅಂಟಿಸಿದೆ. ಆಯಾ ಓದಿದರು, ಏನೂ ಕೇಳದೆ ಬಕೆಟ್ ಎತ್ತಿಕೊಂಡು ಹೋದರು. ಕರಪತ್ರದಲ್ಲಿದ್ದ ಎರಡು ‘ಆದರ್ಶ’ಗಳನ್ನೂ ತೆಗೆದಿದ್ದೇನೆ. ಠ ಕೂಡ ಸರಿ ಮಾಡಿದೆ ಸಾರ್. ಈಗ ಫ್ಲೆಕ್ಸ್ ಅಂಗಡಿಯಲ್ಲೇ ಕೂತಿದ್ದೇನೆ.

ಬೇರುಬಿಳಲು:

ಪ್ರಿಂಟ್ ಆಗುವ ಮೊದಲು ‘ಮತ್ತು’ ತೆಗೆಸಿ. ಪಕ್ಕದಲ್ಲೇ ಅರಿವಳಿಕೆ ಕೊಠಡಿ ಇದೆ ಎಂದಿರಿ. ಮತ್ತು ಬರಿಸುವುದು ಇದೇ ಬಾಗಿಲಲ್ಲಿ ಎಂದುಕೊಂಡಾರು.